ಮಲೆನಾಡಿನ ಕಚೇರಿಯಲ್ಲಿ ಹಾಳೆ ಹಾಳಾಗುವ ಜಾಗಗಳು

‘ಕಾಗದ ಉಳಿಸಿ, ಕಾಡು ಉಳಿಸಿ’ ಎಂಬ ಚೀಟಿ ಅಂಟಿಸದ ಕಚೇರಿ ಈಗ ಕಡಿಮೆ. ಚೀಟಿ ಅಂಟಿಸಿದ ಮೇಲೂ ತಿಂಗಳಿಗೆ ಬರುವ ರೀಮುಗಳ ಸಂಖ್ಯೆ ಇಳಿಯುವುದಿಲ್ಲ. ಅದಕ್ಕೆ ಸಿಬ್ಬಂದಿಯನ್ನು ದೂರುವುದು ತಪ್ಪು. ನಮ್ಮ ಕಡೆಯ ಕಚೇರಿ, ಸೊಸೈಟಿ, ಮಂಡಿಗಳಲ್ಲಿ ಹಾಳೆ ಹೆಚ್ಚಾಗಿ ವ್ಯರ್ಥವಾಗುವುದು ಮೂರು ಕಾರಣಕ್ಕೆ: ಮಳೆಗಾಲದ ಶೀತ, ಪ್ರಿಂಟರ್ ತಂದ ದಿನ ಇದ್ದ ಹಾಗೇ ಉಳಿದಿರುವ ಸೆಟ್ಟಿಂಗು, ‘ಇನ್ನೊಂದು ಪ್ರತಿ ಇರಲಿ’ ಎಂಬ ಭಯ. ಈ ಮೂರನ್ನು ಸರಿಪಡಿಸಿದರೆ ಯಾರಿಗೂ ಬುದ್ಧಿ ಹೇಳಬೇಕಾಗಿಲ್ಲ.

ಕಾಗದದ ಮಾತು ಶಿವಮೊಗ್ಗ ಜಿಲ್ಲೆಗೆ ದೂರದ್ದಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಹುಟ್ಟಿದ್ದು 1936ರಲ್ಲಿ. ಅದಕ್ಕೆ ಮರ ಒದಗಿಸಲು ಜಿಲ್ಲೆಯ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಬಂದವು. 1980ರಲ್ಲಿ 20 ಸಾವಿರ ಹೆಕ್ಟೇರಿಗೂ ಹೆಚ್ಚು ಅರಣ್ಯಭೂಮಿ 40 ವರ್ಷದ ಗುತ್ತಿಗೆಗೆ ಹೋಯಿತು. ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದರೂ ಆ ತೋಪುಗಳ ಕುರಿತ ಚರ್ಚೆ ನಿಂತಿಲ್ಲ. ಹಾಳೆಯೊಂದಕ್ಕೆ ಎಷ್ಟು ನೆಲ ಬೇಕಾಗುತ್ತದೆ ಎಂಬುದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. ಹಾಗಾಗಿ ಇಲ್ಲಿ ಕಾಗದ ಉಳಿಸುವ ಕೆಲಸ ಗೋಡೆಯ ಚೀಟಿಗಿಂತ ಹೆಚ್ಚು ಗಂಭೀರವಾಗಿ ನಡೆಯಬೇಕು ಎಂದು ನಮ್ಮ ನಂಬಿಕೆ.

ಮೊದಲು ತೂಕದ ಲೆಕ್ಕ. ಒಂದು ಚದರ ಮೀಟರ್ ಕಾಗದದಿಂದ ಎ4 ಅಳತೆಯ 16 ಹಾಳೆ ಬರುತ್ತವೆ. 80 ಜಿಎಸ್‌ಎಂ ಎಂದರೆ ಒಂದು ಚದರ ಮೀಟರಿಗೆ 80 ಗ್ರಾಂ. ಅಲ್ಲಿಗೆ ಒಂದು ಹಾಳೆ 5 ಗ್ರಾಂ, 500 ಹಾಳೆಯ ರೀಮು ಎರಡೂವರೆ ಕಿಲೋ. ತಿಂಗಳಿಗೆ 10 ರೀಮು ಮುಗಿಸುವ ಕಚೇರಿ ವರ್ಷಕ್ಕೆ 300 ಕಿಲೋ ಕಾಗದ ಬಳಸುತ್ತದೆ. ಇದರಲ್ಲಿ ಕೆಲಸಕ್ಕೆ ಬಂದದ್ದೆಷ್ಟು, ಬಾರದೆ ಹೋದದ್ದೆಷ್ಟು ಎಂದು ತಿಳಿಯಲು ಪ್ರಿಂಟರಿನ ಮೀಟರ್ ನೋಡಬೇಕು. ಬಹುತೇಕ ಎಲ್ಲ ಲೇಸರ್ ಪ್ರಿಂಟರುಗಳೂ ‘ಕಾನ್ಫಿಗರೇಶನ್ ಪೇಜ್’ ಎಂಬ ಒಂದು ಪುಟ ಮುದ್ರಿಸುತ್ತವೆ. ಆವರೆಗೆ ಒಟ್ಟು ಎಷ್ಟು ಪುಟ ಮುದ್ರಿಸಿದೆ ಎಂಬುದು ಅದರಲ್ಲಿರುತ್ತದೆ. ಪ್ರತಿ ತಿಂಗಳ 1ನೇ ತಾರೀಕು ಆ ಸಂಖ್ಯೆಯನ್ನೂ ಒಡೆದ ರೀಮುಗಳ ಸಂಖ್ಯೆಯನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ. ಹೆಚ್ಚಿನ ಯಂತ್ರಗಳು ಎಣಿಸುವುದು ಮುದ್ರಣವಾದ ಮಗ್ಗುಲುಗಳನ್ನು. 5,000 ಹಾಳೆ ಖರ್ಚಾಗಿ ಮೀಟರ್ 5,100 ಮಾತ್ರ ಮುಂದೆ ಹೋಗಿದ್ದರೆ, ಎರಡೂ ಮಗ್ಗುಲಿನ ಮುದ್ರಣ ಹೆಚ್ಚುಕಡಿಮೆ ನಡೆದೇ ಇಲ್ಲ ಎಂದರ್ಥ.

ಇದರ ಜೊತೆಗೆ ಪ್ರಿಂಟರ್ ಪಕ್ಕ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಒಂದು ವಾರ ಕೆಟ್ಟ ಹಾಳೆಗಳನ್ನೆಲ್ಲ ಅದಕ್ಕೇ ಹಾಕಬೇಕು. ಹಾಕುವಾಗ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದಕ್ಷರ: ಸಿಕ್ಕಿಕೊಂಡದ್ದಕ್ಕೆ ‘ಸಿ’, ಟೈಪಿಂಗ್ ತಪ್ಪಿಗೆ ‘ತ’, ಖಾಲಿಯಾಗಿ ಬಂದದ್ದಕ್ಕೆ ‘ಖ’, ಯಾರೂ ತೆಗೆದುಕೊಂಡು ಹೋಗದೆ ಉಳಿದದ್ದಕ್ಕೆ ‘ಉ’, ಮಸುಕಾಗಿ ಬಂದದ್ದಕ್ಕೆ ‘ಮ’. ಈ ವಾರವನ್ನು ಜುಲೈಯಲ್ಲೊಮ್ಮೆ, ಮಾರ್ಚಿಯಲ್ಲೊಮ್ಮೆ ನಡೆಸಿದರೆ ಎರಡು ರಾಶಿಗಳ ಸ್ವರೂಪವೇ ಬೇರೆಯಾಗಿರುತ್ತದೆ. ಜುಲೈಯ ರಾಶಿಯಲ್ಲಿ ‘ಸಿ’ ಮತ್ತು ‘ಮ’ ಹೆಚ್ಚು. ಮಲೆನಾಡಿನವರು ಮೊದಲು ಕೈ ಹಾಕಬೇಕಾದದ್ದು ಅಲ್ಲಿಗೆ.

ಶೀತ ಹಿಡಿದ ರೀಮು

ಆರಿದ್ರಾ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕೋಣೆಯೊಳಗಿನ ಆರ್ದ್ರತೆ ದಿನಗಟ್ಟಲೆ ಶೇಕಡಾ 90ರ ಹತ್ತಿರ ನಿಲ್ಲುತ್ತದೆ. ಪ್ರಿಂಟರಿಗೆ ಹೊಂದುವುದು ಶೇಕಡಾ 45ರಿಂದ 55. ಕಾರ್ಖಾನೆಯಿಂದ ಬರುವಾಗ ಹಾಳೆಯಲ್ಲಿ ಶೇಕಡಾ 4-5ರಷ್ಟು ತೇವ ಇರುತ್ತದೆ. ರೀಮಿನ ಹೊದಿಕೆ ಬಿಚ್ಚಿಟ್ಟರೆ ಮಳೆಗಾಲದಲ್ಲಿ ಅದು ಮುಚ್ಚಳ ತೆಗೆದಿಟ್ಟ ಡಬ್ಬಿಯ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಮೆತ್ತಗಾದ ಹಾಳೆಯಿಂದ ಮೂರು ತೊಂದರೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಎರಡು ಮೂರು ಒಟ್ಟಿಗೆ ಒಳಗೆ ಹೋಗುತ್ತವೆ. ಇನ್ನೊಂದು, ಅಕ್ಷರ ಅಲ್ಲಲ್ಲಿ ಮಸುಕಾಗುತ್ತದೆ: ಲೇಸರ್ ಯಂತ್ರದಲ್ಲಿ ಟೋನರ್ ಪುಡಿ ಹಾಳೆಗೆ ಅಂಟುವುದು ವಿದ್ಯುದಾವೇಶದ ಬಲದಿಂದ, ತೇವದ ಹಾಳೆಯಲ್ಲಿ ಆ ಆವೇಶ ಸೋರಿಹೋಗುತ್ತದೆ. ಟೋನರ್ ಮುಗಿದಿದೆ ಎಂದುಕೊಂಡು ಸರಿಯಿರುವ ಕಾರ್ಟ್ರಿಜ್ ತೆಗೆದು ಹೊಸದು ಹಾಕುವುದೂ ಉಂಟು. ಮೂರನೆಯದು ಸುರುಳಿ. ಪುಡಿಯನ್ನು ಕರಗಿಸಿ ಕೂರಿಸುವ ಫ್ಯೂಸರ್ 180 ಡಿಗ್ರಿ ಆಸುಪಾಸಿನ ಬಿಸಿಯಲ್ಲಿರುತ್ತದೆ. ಹಾಳೆಯ ನೀರು ಅಲ್ಲಿ ಆವಿಯಾಗಿ ಒಂದು ಮಗ್ಗುಲು ಬೇಗ ಕುಗ್ಗುತ್ತದೆ, ಹಾಳೆ ಮುದುರುತ್ತದೆ. ಮುದುರಿದ ಹಾಳೆ ಹಿಂಭಾಗ ಮುದ್ರಿಸಲು ಮತ್ತೆ ಒಳಗೆ ಹೋದಾಗ ಸಿಕ್ಕಿಕೊಳ್ಳುತ್ತದೆ. ‘ಎರಡೂ ಕಡೆ ಹೊಡೆದರೆ ಪ್ರಿಂಟರ್ ಹಾಳಾಗುತ್ತದೆ’ ಎಂಬ ಮಾತು ನಮ್ಮ ಕಡೆ ಇಷ್ಟು ಗಟ್ಟಿಯಾಗಿ ಬೇರೂರಿರುವುದು ಇದರಿಂದ. ಅಲ್ಲಿ ತಪ್ಪು ಯಂತ್ರದ್ದಲ್ಲ, ಶೀತದ್ದು.

ಪರಿಹಾರ ರೀಮಿನ ಹೊದಿಕೆಯಿಂದಲೇ ಶುರು. ಅದರ ಒಳಮೈಗೆ ತೇವ ತಡೆಯುವ ಪದರ ಇರುತ್ತದೆ. ಬೇಕಾಗುವವರೆಗೂ ಅದನ್ನು ಹರಿಯಬಾರದು. ನೆಲದ ಮೇಲೆ, ಗೋಡೆಗೆ ತಾಗಿಸಿ ಪೆಟ್ಟಿಗೆ ಇಡಬಾರದು. ಜಂಬಿಟ್ಟಿಗೆಯ ಹಳೆಯ ಗೋಡೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದೇ ಇರುತ್ತವೆ. ನಾಲ್ಕಿಂಚು ಎತ್ತರದ ಮರದ ಹಲಗೆ, ಗೋಡೆಯಿಂದ ಒಂದು ಗೇಣು ದೂರ ಇದ್ದರೆ ಸಾಕು. ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ. ಟ್ರೇ ತುಂಬ 250 ಹಾಳೆ ತುಂಬಿಸುವ ಅಭ್ಯಾಸ ಬೇಸಿಗೆಗೆ ಸರಿ. ಮಳೆಗಾಲದಲ್ಲಿ ಆ ದಿನಕ್ಕೆ ಬೇಕಾದ 50-100 ಹಾಳೆ ಮಾತ್ರ ಹಾಕಿ, ಸಂಜೆ ಉಳಿದದ್ದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಬೇಕು. ರಾತ್ರಿಯಿಡೀ ಟ್ರೇಯಲ್ಲಿ ಕೂತ ಹಾಳೆಯೇ ಬೆಳಗಿನ ಮೊದಲ ಜಾಮ್.

ಕಾಗದದ ಬೀರುವಿಗೆ ಹಳೆಯ ಉಪಾಯವೇ ಒಳ್ಳೆಯದು: ಕೆಳಗಿನ ಖಾನೆಯಲ್ಲಿ ಒಂದು 40 ವ್ಯಾಟಿನ ಹಳೇ ಮಾದರಿಯ, ತಂತಿ ಕಾಯುವ ಬಲ್ಬು. ಎಲ್‌ಇಡಿ ಆಗದು, ಇಲ್ಲಿ ಬೇಕಿರುವುದು ಬಿಸಿ. 24 ಡಿಗ್ರಿಯಲ್ಲಿ ಶೇಕಡಾ 90 ಆರ್ದ್ರತೆ ಇರುವ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ, ಒಂದು ಹನಿ ನೀರು ತೆಗೆಯದೆಯೇ ಆರ್ದ್ರತೆ ಸುಮಾರು 63ಕ್ಕೆ ಇಳಿಯುತ್ತದೆ. ಬಲ್ಬಿಗೂ ಕಾಗದಕ್ಕೂ ಕನಿಷ್ಠ ಒಂದು ಅಡಿ ಅಂತರ, ಬಲ್ಬಿನ ಸುತ್ತ ಲೋಹದ ಜಾಲರಿ, ಬೀರುವಿನ ಮೇಲೆ ಕೆಳಗೆ ಗಾಳಿಗೆ ಕಿಂಡಿ, ಸರಿಯಾದ ವೈರಿಂಗ್, ಕಚೇರಿ ಮುಚ್ಚುವಾಗ ಸ್ವಿಚ್ ಆಫ್ — ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ, ಬೆಂಕಿಯ ಅಪಾಯ ನಿಜವಾದದ್ದು. ಸಿಲಿಕಾ ಜೆಲ್ ಪೊಟ್ಟಣಗಳು ಆಗುಂಬೆ ಕಡೆಯ ಗಾಳಿಗೆ ಬೇಗನೆ ತುಂಬಿಹೋಗುತ್ತವೆ. ಬಿಸಿ ಮಾಡಿ ಮತ್ತೆ ಒಣಗಿಸುವ ವ್ಯವಸ್ಥೆ ಇಲ್ಲದಿದ್ದರೆ ಅವಕ್ಕೆ ಹಣ ಹಾಕುವುದು ಬೇಡ.

ಯಂತ್ರದಲ್ಲೂ ಒಂದು ಸಣ್ಣ ಬದಲಾವಣೆ ಮಾಡಬಹುದು. ಪೇಪರ್ ಟೈಪ್ ‘ಪ್ಲೇನ್’ ಎಂದಿರುವುದನ್ನು ‘ಲೈಟ್’ ಮಾಡಿದರೆ ಫ್ಯೂಸರ್ ಬಿಸಿ ಸ್ವಲ್ಪ ತಗ್ಗಿ ಸುರುಳಿ ಕಡಿಮೆಯಾಗುತ್ತದೆ. ಬೆರಳಿನಿಂದ ಉಜ್ಜಿದಾಗ ಅಕ್ಷರ ಕೈಗೆ ಬಂದರೆ ಮತ್ತೆ ‘ಪ್ಲೇನ್’ಗೆ ಹೋಗಬೇಕು. ಆದರೂ ಮುದುರಿದರೆ ಟ್ರೇಯ ಕಟ್ಟನ್ನು ಮಗುಚಿ ಹಾಕಿ ನೋಡಬೇಕು; ರೀಮಿನ ಹೊದಿಕೆಯ ಮೇಲಿನ ಬಾಣದ ಗುರುತು ಮೊದಲು ಮುದ್ರಿಸಬೇಕಾದ ಮಗ್ಗುಲನ್ನು ತೋರಿಸುತ್ತದೆ.

70 ಜಿಎಸ್‌ಎಂ ಕಾಗದ ಅಗ್ಗ, 80ಕ್ಕಿಂತ ಎಂಟನೇ ಒಂದು ಭಾಗ ನಾರು ಕಡಿಮೆ ಎಂಬುದು ನಿಜ. ಡಿಸೆಂಬರಿನಿಂದ ಮೇವರೆಗೆ ಅದನ್ನೇ ತನ್ನಿ. ಮಳೆಗಾಲಕ್ಕೆ 75. ತೆಳು ಹಾಳೆ ತೇವದಲ್ಲಿ ಸಿಕ್ಕಿಕೊಂಡು ಕೆಟ್ಟುಹೋದರೆ, ಉಳಿಸಿದ ನಾರು ಅಲ್ಲೇ ಖರ್ಚಾಗುತ್ತದೆ. ಜೊತೆಗೆ ಮೊಹರಿನ ಶಾಯಿ ಹಿಂದಕ್ಕೆ ಇಳಿದು ಹಿಂಪುಟ ಓದಲಾಗುವುದಿಲ್ಲ. ಕಬ್ಬಿನ ಸಿಪ್ಪೆಯಿಂದ ಮಾಡಿದ ಜೆರಾಕ್ಸ್ ಹಾಳೆಯೂ ಮಾರುಕಟ್ಟೆಯಲ್ಲಿದೆ, ತಮಿಳುನಾಡಿನ ಟಿಎನ್‌ಪಿಎಲ್ ಅದನ್ನು ತಯಾರಿಸುತ್ತದೆ. ಮರದ ಮೇಲಿನ ಭಾರ ಇಳಿಸಬೇಕೆನ್ನುವವರು ಕೇಳಿ ತರಿಸಬಹುದು.

ಮಳೆಗಾಲದ ಇನ್ನೊಂದು ಕಾಟ ಕರೆಂಟು. ನಲವತ್ತು ಪುಟದ ವರದಿ ಹದಿನೆಂಟಕ್ಕೆ ಬಂದಾಗ ಹೋಗುತ್ತದೆ; ಬಂದ ಮೇಲೆ ಮೊದಲಿನಿಂದ ಮತ್ತೆ ಮುದ್ರಿಸುತ್ತಾರೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಜೋಡಿಸಬಾರದು: ಫ್ಯೂಸರ್ ಕಾಯುವಾಗ ಎಳೆಯುವ ಕರೆಂಟಿಗೆ ಯುಪಿಎಸ್ ಟ್ರಿಪ್ ಆಗುತ್ತದೆ. ಹಾಗಾಗಿ ದೊಡ್ಡ ಕೆಲಸವನ್ನು ಹತ್ತು ಹತ್ತು ಪುಟಗಳಾಗಿ ಕಳಿಸುವುದು ಉತ್ತಮ. ಕರೆಂಟು ಬಂದಾಗ ಮೊದಲು ಪ್ರಿಂಟ್ ಕ್ಯೂ (ಮುದ್ರಣಕ್ಕೆ ಕಾದಿರುವ ಕೆಲಸಗಳ ಸಾಲು) ಖಾಲಿ ಮಾಡಿ, ಕೊನೆಗೆ ಸರಿಯಾಗಿ ಬಂದ ಪುಟದ ಸಂಖ್ಯೆ ನೋಡಿ, ಅದರ ಮುಂದಿನ ಪುಟದಿಂದ ಮಾತ್ರ ಕಳಿಸಬೇಕು. ಕ್ಯೂ ಖಾಲಿ ಮಾಡದಿದ್ದರೆ ಹಳೆಯ ಆದೇಶವೂ ಹೊಸದೂ ಎರಡೂ ಬರುತ್ತವೆ.

ಸೆಟ್ಟಿಂಗಿನಲ್ಲಿ ಹೋಗುವ ಹಾಳೆ

ಎರಡೂ ಮಗ್ಗುಲಿನ ಮುದ್ರಣವನ್ನು ಪ್ರತಿಯೊಬ್ಬರೂ ಪ್ರತಿಸಲ ನೆನಪಿಟ್ಟು ಆರಿಸಬೇಕು ಎಂದರೆ ನಡೆಯುವುದಿಲ್ಲ. ವಿಂಡೋಸ್‌ನಲ್ಲಿ ಒಂದು ಸೂಕ್ಷ್ಮ ಇದೆ. ‘ಪ್ರಿಂಟಿಂಗ್ ಪ್ರಿಫರೆನ್ಸಸ್’ನಲ್ಲಿ ಬದಲಿಸಿದರೆ ಆ ಒಬ್ಬ ಬಳಕೆದಾರರಿಗೆ ಮಾತ್ರ ಅನ್ವಯ. ‘ಪ್ರಿಂಟರ್ ಪ್ರಾಪರ್ಟೀಸ್’ಗೆ ಹೋಗಿ ‘ಅಡ್ವಾನ್ಸ್‌ಡ್’ ಟ್ಯಾಬಿನಲ್ಲಿ ‘ಪ್ರಿಂಟಿಂಗ್ ಡಿಫಾಲ್ಟ್ಸ್’ ಬದಲಿಸಿದರೆ ಆ ಕಂಪ್ಯೂಟರ್ ಬಳಸುವ ಎಲ್ಲರಿಗೂ ಅದೇ ಮೂಲ ಆಯ್ಕೆಯಾಗುತ್ತದೆ. ಅಲ್ಲೇ ಕಾಗದದ ಅಳತೆ ‘ಲೆಟರ್’ ಇದ್ದರೆ ‘ಎ4’ ಮಾಡಿ. ಅನೇಕ ಯಂತ್ರಗಳು ‘ಲೆಟರ್’ನಲ್ಲೇ ಉಳಿದಿರುತ್ತವೆ, ಕೊನೆಯಲ್ಲಿ ಎರಡೇ ಸಾಲಿನ ಪುಟ ಬರುವುದಕ್ಕೆ ಅದೂ ಒಂದು ಕಾರಣ.

ಎರಡೂ ಕಡೆ ಮುದ್ರಿಸಿದ್ದನ್ನು ಕಡತಕ್ಕೆ ಹಾಕಲು ಗುಮಾಸ್ತರು ಒಪ್ಪದಿದ್ದರೆ ಅವರಿಗೊಂದು ನ್ಯಾಯವಾದ ಕಾರಣ ಇದೆ: ಎಡಗಡೆ ತೂತು ಹೊಡೆದಾಗ ಹಿಂಪುಟದ ಬಲಗಡೆಯ ಅಕ್ಷರಗಳು ಹೋಗುತ್ತವೆ. ವರ್ಡ್‌ನ ಪೇಜ್ ಸೆಟಪ್‌ನಲ್ಲಿ ‘ಮಿರರ್ ಮಾರ್ಜಿನ್ಸ್’ ಆರಿಸಿ ಒಳಬದಿಗೆ 2.5, ಹೊರಬದಿಗೆ 1.5, ಮೇಲೆ ಕೆಳಗೆ 1.9 ಸೆಂಟಿಮೀಟರ್ ಕೊಟ್ಟರೆ ತೂತು ಎರಡೂ ಪುಟದಲ್ಲಿ ಖಾಲಿ ಜಾಗಕ್ಕೇ ಬೀಳುತ್ತದೆ. ನಾಲ್ಕೂ ಕಡೆ 2.54 ಬಿಡುವ ಮೂಲ ಆಯ್ಕೆಗೆ ಹೋಲಿಸಿದರೆ ಬರೆಯುವ ಜಾಗವೂ ಶೇಕಡಾ 12ರಷ್ಟು ಹೆಚ್ಚುತ್ತದೆ. ಅಕ್ಷರವನ್ನು ಮಾತ್ರ 12ಕ್ಕಿಂತ ಚಿಕ್ಕದು ಮಾಡಬೇಡಿ. ಒತ್ತಕ್ಷರಗಳು ಓದಲಾಗದಷ್ಟು ಸಣ್ಣದಾಗಿ, ಓದುವವರು ದೊಡ್ಡದು ಮಾಡಿ ಇನ್ನೊಮ್ಮೆ ಮುದ್ರಿಸುತ್ತಾರೆ.

‘ಎರಡೂ ಕಡೆ ಮುದ್ರಿಸಿದರೆ ಮೇಲಿನವರು ಒಪ್ಪುವುದಿಲ್ಲ’ ಎನ್ನುವವರಿಗೆ ಸುಪ್ರೀಂ ಕೋರ್ಟಿನ ಉದಾಹರಣೆ ಸಾಕು. ತನ್ನ ಮುಂದೆ ಸಲ್ಲಿಸುವ ಅರ್ಜಿಗಳು ಎ4 ಹಾಳೆಯ ಎರಡೂ ಮಗ್ಗುಲಲ್ಲಿ, 75 ಜಿಎಸ್‌ಎಂಗೆ ಕಡಿಮೆಯಿಲ್ಲದ ಕಾಗದದಲ್ಲಿ ಇರಬೇಕೆಂದು ಅದು 2020ರಲ್ಲೇ ಸುತ್ತೋಲೆ ಹೊರಡಿಸಿದೆ.

ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ: ಒಂದೇ ಪುಟದ ಪತ್ರಗಳೇ ಹೆಚ್ಚಿರುವ ಕಚೇರಿಗೆ ಈ ಕ್ರಮದಿಂದ ಹೆಚ್ಚೇನೂ ಉಳಿಯದು. ಅಂಥಲ್ಲಿ ಎಕ್ಸೆಲ್ ಪಟ್ಟಿಗಳನ್ನು ನೋಡಬೇಕು. ಒಂದೇ ಒಂದು ಕಾಲಂ ಪಕ್ಕದ ಪುಟಕ್ಕೆ ಜಾರಿದರೆ ಹತ್ತು ಪುಟದ ಪಟ್ಟಿ ಇಪ್ಪತ್ತಾಗುತ್ತದೆ. ‘ಪೇಜ್ ಲೇಔಟ್’ನಲ್ಲಿ ವಿಡ್ತ್ ‘1 ಪೇಜ್’, ಹೈಟ್ ‘ಆಟೊಮ್ಯಾಟಿಕ್’ ಎಂದು ಕೊಡಿ. ‘ಪ್ರಿಂಟ್ ಏರಿಯಾ’ ಗುರುತಿಸಿ. ಪ್ರಿವ್ಯೂನಲ್ಲಿ ಪುಟಗಳ ಸಂಖ್ಯೆ ನೋಡದೆ ಮುದ್ರಿಸಬೇಡಿ. ಖಾಲಿ ಹಾಳೆಗಳ ‘ಖ’ ರಾಶಿ ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಒಂದು ಮಗ್ಗುಲು ಬಳಸಿದ ಹಾಳೆಯನ್ನು ಮತ್ತೆ ಲೇಸರ್ ಪ್ರಿಂಟರಿಗೆ ಹಾಕುವ ಉಳಿತಾಯ ಮಾತ್ರ ಬೇಡ. ಹಳೆಯ ಟೋನರ್ ಫ್ಯೂಸರ್‌ನಲ್ಲಿ ಮತ್ತೆ ಮೆತ್ತಗಾಗಿ ರೋಲರಿಗೆ ಅಂಟುತ್ತದೆ, ಕಣ್ತಪ್ಪಿ ಉಳಿದ ಒಂದು ಸ್ಟೇಪ್ಲರ್ ಪಿನ್ನು ಒಳಭಾಗಗಳನ್ನು ಗೀರುತ್ತದೆ. ಅವುಗಳಿಗೆ ಪ್ಯಾಡೇ ಸರಿ. ಪಿನ್ನು ತೆಗೆದು, ಯಾರ ಆಧಾರ್, ಖಾತೆ, ಫೋನ್ ಸಂಖ್ಯೆಯೂ ಇಲ್ಲದ ಹಾಳೆಗಳನ್ನು ಮಾತ್ರ ಆರಿಸಿ, ಖಾಲಿ ಮಗ್ಗುಲು ಮೇಲೆ ಬರುವಂತೆ ಜೋಡಿಸಿ ಹತ್ತಿರದ ಪ್ರೆಸ್ಸಿಗೆ ಕೊಟ್ಟರೆ ಅರ್ಧಕ್ಕೆ ಕತ್ತರಿಸಿ, ತುದಿಗೆ ಗೋಂದು ಹಚ್ಚಿ, ಕೆಳಗೆ ರಟ್ಟು ಕೊಟ್ಟು ಪ್ಯಾಡ್ ಮಾಡಿಕೊಡುತ್ತಾರೆ. 100 ಹಾಳೆಯಿಂದ 50 ಚೀಟಿಯ ನಾಲ್ಕು ಪ್ಯಾಡ್.

‘ಪ್ರತಿ ಇರಲಿ’

ಪತ್ರದ ಕೆಳಗೆ ‘ಪ್ರತಿಯನ್ನು ಮಾಹಿತಿಗಾಗಿ’ ಎಂದು ಏಳೆಂಟು ಹೆಸರಿರುತ್ತವೆ. ಜೊತೆಗೆ ಕಚೇರಿ ಪ್ರತಿ, ಹೆಚ್ಚುವರಿ ಪ್ರತಿ. ಈ ಪಟ್ಟಿಯನ್ನು ಹಳೆಯ ಪತ್ರದಿಂದ ನಕಲು ಮಾಡಿಕೊಂಡು ಬರುವುದರಿಂದ, ವರ್ಗಾವಣೆಯಾಗಿ ಇಲ್ಲದೇ ಹೋದ ವಿಭಾಗಕ್ಕೂ ಪ್ರತಿ ಹೋಗುತ್ತಿರುತ್ತದೆ. ಪ್ರತಿ ಹೆಸರಿನ ಎದುರು ‘ಈ ಪತ್ರ ಓದಿ ಇವರು ಏನು ಮಾಡಬೇಕು?’ ಎಂದು ಕೇಳಿ. ಮಾಡುವುದೇನೂ ಇಲ್ಲದವರಿಗೆ ಇಮೇಲ್ ಸಾಕು. ಇಮೇಲಿನಲ್ಲಿ ಹೋದ ದಾಖಲೆಗೆ ಬೆಲೆಯಿಲ್ಲ ಎಂಬ ಭಯ ಹಳೆಯದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೂ ಸಹಿಗೂ ಮಾನ್ಯತೆ ಕೊಟ್ಟಿದೆ. ಉಯಿಲು, ಟ್ರಸ್ಟ್ ಪತ್ರದಂಥ ಕೆಲವು ಮಾತ್ರ ಅದರ ಹೊರಗೆ.

ಇನ್ನೊಂದು ಭಯ ನಿಜವಾದದ್ದು: ‘ಅವರ ಕಂಪ್ಯೂಟರಿನಲ್ಲಿ ಅಕ್ಷರ ಬರಲ್ಲ’. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಪತ್ರ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ, ಮೊಬೈಲಿನಲ್ಲಂತೂ ಓದಲಾಗುವುದೇ ಇಲ್ಲ. ಅದಕ್ಕೇ ಮುದ್ರಿಸಿ, ಸ್ಕ್ಯಾನ್ ಮಾಡಿ, ಕಳಿಸಿ, ಆ ಕಡೆಯವರು ಮತ್ತೆ ಮುದ್ರಿಸುತ್ತಾರೆ. ಎಲ್ಲ ಕಂಪ್ಯೂಟರು, ಮೊಬೈಲುಗಳಲ್ಲೂ ಓದಲಾಗುವ ಯೂನಿಕೋಡಿನಲ್ಲಿ ಬರೆದರೆ ಈ ಸುತ್ತು ತಪ್ಪುತ್ತದೆ. ಹಳೆಯ ಕಡತವಾದರೆ ನೇರವಾಗಿ ಪಿಡಿಎಫ್ ಆಗಿ ಉಳಿಸಿ. ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ.

ಸಹಕಾರ ಸಂಘಗಳಲ್ಲಿ ಪ್ರತಿ ವರ್ಷ ಬೆಳೆಸಾಲ ನವೀಕರಿಸುವಾಗ ಅದೇ ಸದಸ್ಯರ ಆಧಾರ್ ಜೆರಾಕ್ಸ್, ಪಾಸ್‌ಬುಕ್ ಜೆರಾಕ್ಸ್ ಮತ್ತೆ ಮತ್ತೆ ಕಡತ ಸೇರುತ್ತವೆ. ಸದಸ್ಯರಿಗೊಂದು ಶಾಶ್ವತ ಕಡತ ಇಟ್ಟು, ಬದಲಾಗದ ದಾಖಲೆಗಳನ್ನು ಒಮ್ಮೆ ಪಡೆದು, ಪ್ರತಿ ವರ್ಷ ‘ಮೂಲ ನೋಡಲಾಗಿದೆ’ ಎಂಬ ಷರಾ, ತಾರೀಕು, ಸಹಿ ಸಾಕಾಗುವಂತೆ ಆಡಳಿತ ಮಂಡಳಿಯಲ್ಲಿ ನಿರ್ಣಯ ಮಾಡಿಕೊಳ್ಳಬೇಕು. ಸಂಘಕ್ಕೆ ಸಾಲ ಕೊಡುವ ಬ್ಯಾಂಕಿನ ನಿಯಮವನ್ನು ಮೊದಲು ಕೇಳಿಕೊಳ್ಳುವುದು ಅಗತ್ಯ. ಆಧಾರ್ ಇಡುವುದಾದರೆ ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯೇ ಇರಲಿ. ಪಹಣಿ ಬದಲಾಗುವಂಥದ್ದು, ಅದನ್ನು ಹೊಸದಾಗಿಯೇ ನೋಡಬೇಕು. ಆದರೆ ಪರಿಶೀಲನೆಗೆ ಭೂಮಿ ಜಾಲತಾಣದಲ್ಲೇ ನೋಡಬಹುದು.

ವಾರ್ಷಿಕ ಮಹಾಸಭೆಯ ವರದಿ ಪುಸ್ತಕ ಇನ್ನೊಂದು ದೊಡ್ಡ ಬಾಬತ್ತು. 1,500 ಸದಸ್ಯರ ಸಂಘ 32 ಪುಟದ ಅರ್ಧ ಅಳತೆಯ ಪುಸ್ತಕ ಅಚ್ಚು ಹಾಕಿಸಿದರೆ ಒಂದಕ್ಕೆ 8 ಎ4 ಹಾಳೆಯಂತೆ 12,000 ಹಾಳೆ, 60 ಕಿಲೋ. ಸಭೆಯ ನೋಟೀಸು ಬೈಲಾದಲ್ಲಿ ಹೇಳಿದಂತೆ ಎಲ್ಲರಿಗೂ ಹೋಗಲೇಬೇಕು, ಅದರಲ್ಲಿ ಉಳಿತಾಯ ನೋಡಬಾರದು. ಅದೇ ನೋಟೀಸಿನಲ್ಲಿ ‘ವರದಿಯ ಮುದ್ರಿತ ಪ್ರತಿ ಬೇಕಾದವರು ಇಂಥ ದಿನದೊಳಗೆ ತಿಳಿಸಿ’ ಎಂದು ಒಂದು ಸಾಲು ಸೇರಿಸಿ, ಉಳಿದವರಿಗೆ ಪಿಡಿಎಫ್ ವಾಟ್ಸಾಪಿನಲ್ಲಿ ಕಳಿಸಬಹುದು. ಹಿರಿಯ ಸದಸ್ಯರಿಗೆ, ನೆಟ್‌ವರ್ಕ್ ಇಲ್ಲದ ಹಳ್ಳಿಯವರಿಗೆ ಕೇಳದೆಯೇ ಪುಸ್ತಕ ಕೊಡಬೇಕು. ಕಾಗದ ಉಳಿಸುವ ನೆಪದಲ್ಲಿ ಅವರ ಕೈಗೆ ಲೆಕ್ಕ ಸಿಗದಂತಾಗುವುದು ಅನ್ಯಾಯ.

ಅಡಿಕೆ ಮಂಡಿ, ಅಂಗಡಿಗಳವರು ಜಿಎಸ್‌ಟಿ ಬಿಲ್ಲನ್ನು ಸರಕಿಗೆ ಮೂರು ಪ್ರತಿ ಮಾಡುವುದು ನಿಯಮ: ಕೊಂಡವರಿಗೆ, ಸಾಗಿಸುವವರಿಗೆ, ಮಾರಿದವರಿಗೆ. ಇ-ಇನ್‌ವಾಯ್ಸ್ (ಸರ್ಕಾರದ ಜಾಲತಾಣದಲ್ಲಿ ದಾಖಲಿಸುವ ವಿದ್ಯುನ್ಮಾನ ಬಿಲ್ಲು) ವ್ಯಾಪ್ತಿಗೆ ಬರುವವರಿಗೆ ಈ ಮೂರು ಪ್ರತಿಯ ಕಟ್ಟಳೆ ಇಲ್ಲ. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ದಾರಿಯಲ್ಲಿ ತಪಾಸಣೆ ಮಾಡಿದರೆ ಮುದ್ರಿತ ಬಿಲ್ಲಿನ ಬದಲು ಕ್ಯೂಆರ್ ಕೋಡನ್ನು ಮೊಬೈಲಿನಲ್ಲೇ ತೋರಿಸಲು ನಿಯಮದಲ್ಲಿ ಅವಕಾಶವಿದೆ. ಘಾಟಿಯಲ್ಲಿ ನೆಟ್ ಸಿಗದು, ಆದ್ದರಿಂದ ಲಾರಿ ಹೊರಡುವ ಮುಂಚೆಯೇ ಚಾಲಕರ ಫೋನಿಗೆ ಇಳಿಸಿಕೊಡಿ.

ಹಳೆಯ ಕಾಗದ ಹೊರಗೆ ಹೋಗುವಾಗ

ಎಷ್ಟು ವರ್ಷ ಇಡಬೇಕೆಂದು ತಿಳಿಯದೆ ಎಲ್ಲವನ್ನೂ ಇಟ್ಟರೆ ರೆಕಾರ್ಡ್ ರೂಮಿನಲ್ಲಿ ಬೂಷ್ಟು ಹಿಡಿದು, ಬೇಕಾದದ್ದೂ ಬೇಡದ್ದರ ಜೊತೆ ಹೋಗುತ್ತದೆ. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು, ಮೇಲ್ಮನವಿ ಇದ್ದರೆ ಇನ್ನೂ ಮುಂದಕ್ಕೆ. ಕಂಪನಿಗಳ ಲೆಕ್ಕಪುಸ್ತಕಕ್ಕೆ 8 ಆರ್ಥಿಕ ವರ್ಷ. ಸರ್ಕಾರಿ ಕಚೇರಿಯಲ್ಲಿ ಕಡತ ಮುಕ್ತಾಯ ಮಾಡುವಾಗಲೇ ವರ್ಗ ಬರೆಯುವ ಕ್ರಮವಿದೆ: ‘ಎ’ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10, ‘ಡಿ’ 5, ‘ಇ’ 1. ಮುಖಪುಟದ ಮೇಲೆ ನಾಶಪಡಿಸಬಹುದಾದ ವರ್ಷವನ್ನು ಅಂದೇ ದಪ್ಪಕ್ಷರದಲ್ಲಿ ಬರೆದಿಟ್ಟರೆ ಮುಂದೆ ಬರುವವರು ಕಡತ ಬಿಚ್ಚಿ ಓದಬೇಕಾಗಿಲ್ಲ. ಹಳೆಯದನ್ನೆಲ್ಲ ಸ್ಕ್ಯಾನ್ ಮಾಡಿಸುವ ಯೋಜನೆಗೆ ಕೈ ಹಾಕುವ ಮುನ್ನ ಈ ವಿಂಗಡಣೆ ಮುಗಿಯಬೇಕು. ಬರುವ ವರ್ಷ ಎಸೆಯುವ ಕಡತ ಸ್ಕ್ಯಾನ್ ಮಾಡುವುದರಲ್ಲಿ ಅರ್ಥವಿಲ್ಲ. ಮಾಡುವುದಿದ್ದರೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಸಾಕು, ಹೆಸರು ಇಸವಿ-ತಿಂಗಳು-ದಿನ-ಆವಕ ಸಂಖ್ಯೆಯ ಕ್ರಮದಲ್ಲಿರಲಿ.

ಗುಜರಿಗೆ ಹಾಕುವುದು ಫೆಬ್ರವರಿ-ಮಾರ್ಚಿಯಲ್ಲಿ. ಮಳೆ ಶುರುವಾದರೆ ಒದ್ದೆ ಕಾಗದವನ್ನು ಕೊಳ್ಳುವವರು ತಳ್ಳಿಹಾಕುತ್ತಾರೆ, ಬೂಷ್ಟು ಹಿಡಿದ ನಾರು ಮಿಲ್ಲಿಗೂ ಬೇಡ. ಬಿಳಿ ಹಾಳೆ, ಪತ್ರಿಕೆ, ರಟ್ಟು ಮೂರನ್ನೂ ಬೇರೆ ಬೇರೆ ಕಟ್ಟಿದರೆ ಬಿಳಿ ಹಾಳೆಗೆ ಒಳ್ಳೆಯ ದರ ಸಿಗುತ್ತದೆ. ಕಾರ್ಬನ್ ಹಾಳೆ, ಲ್ಯಾಮಿನೇಟ್ ಮಾಡಿದ್ದು, ಸ್ಟಿಕ್ಕರ್, ಎಟಿಎಂ ಮತ್ತು ಸ್ವೈಪ್ ಯಂತ್ರದ ನುಣುಪು ರಸೀದಿಗಳು ಬಿಳಿ ಕಟ್ಟಿಗೆ ಸೇರಬಾರದು. ರಸೀದಿಯ ಥರ್ಮಲ್ ಕಾಗದದಲ್ಲಿ ರಾಸಾಯನಿಕ ಲೇಪನ ಇರುತ್ತದೆ. ಅದನ್ನೂ ಲ್ಯಾಮಿನೇಟ್ ಮಾಡಿದ್ದನ್ನೂ ಬಚ್ಚಲ ಒಲೆಗೆ ಹಾಕಿ ಹಂಡೆ ಕಾಯಿಸುವುದೂ ಒಳ್ಳೆಯದಲ್ಲ. ಸಣ್ಣ ಸ್ಟೇಪ್ಲರ್ ಪಿನ್ನುಗಳನ್ನು ಮಿಲ್ಲಿನ ಜರಡಿ ಬೇರ್ಪಡಿಸುತ್ತದೆ, ಒಂದೊಂದನ್ನೂ ಕೀಳುತ್ತ ಕೂರಬೇಕಿಲ್ಲ. ಪ್ಲಾಸ್ಟಿಕ್ ಫೈಲು, ಕ್ಲಿಪ್ಪು, ಸೆಲ್ಲೋಟೇಪು ಮಾತ್ರ ತೆಗೆಯಬೇಕು. ಚೂರು ಮಾಡುವ ಯಂತ್ರಕ್ಕೆ ಹೆಸರು, ಖಾತೆ, ಆಧಾರ್ ಸಂಖ್ಯೆ ಇರುವ ಹಾಳೆ ಮಾತ್ರ ಹೋಗಲಿ. ಚೂರಾದಷ್ಟೂ ನಾರು ತುಂಡಾಗಿ ಅದರಿಂದ ಬರುವ ಕಾಗದದ ಗುಣ ಇಳಿಯುತ್ತದೆ, ಗುಜರಿಯವರೂ ಕಡಿಮೆ ದರ ಕೊಡುತ್ತಾರೆ. ಚೂರುಗಳನ್ನು ಬಿಡಿಯಾಗಿ ಕೊಡದೆ ಗೋಣಿಚೀಲದಲ್ಲಿ ಅದುಮಿ ತುಂಬಿ ಬಾಯಿ ಹೊಲಿದುಕೊಡಿ.